ಗಗನಚಾರಿಣಿ ಜಾಕ್ವೆಲಿನ್ ಕಾಕ್ರನ್

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾದಲ್ಲಿ ಕೋಚೆಲ್ಲಾ ಎಂಬ ಕಣಿವೆಯಿದೆ. ಎರಡು ಮಗ್ಗುಲಿಗೂ ಬೋಳು ಬೆಟ್ಟಗಳು, ನಡುವೆ ಮರಳು, ಮನುಷ್ಯನು ನೀರು ಹಾಯಿಸಿದಷ್ಟು ನೆಲದಲ್ಲಿ ಮಾತ್ರ ಖರ್ಜೂರದ ತೋಪುಗಳು. ಈ ಕಣಿವೆಯ ಥರ್ಮಲ್ ಎಂಬ ಊರಿನ ಬಳಿ ಒಂದು ವಿಮಾನ ನಿಲ್ದಾಣವಿದೆ. ಅದರ ನೆಲ ಸಮುದ್ರಮಟ್ಟಕ್ಕಿಂತ ನೂರಡಿಗೂ ಹೆಚ್ಚು ತಗ್ಗಿನಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜನರಲ್ ಪ್ಯಾಟನ್ನನು ಉತ್ತರ ಆಫ್ರಿಕದ ಸಮರಕ್ಕಾಗಿ ತನ್ನ ಟ್ಯಾಂಕುಪಡೆಯನ್ನು ಈ ಮರಳುಗಾಡಿನಲ್ಲಿ ಪಳಗಿಸಲು ತೊಡಗಿದಾಗ, ಆ ಶಿಕ್ಷಣಕ್ಕೆ ನೆರವಾಗಲೆಂದು ಸೈನ್ಯ ನಿರ್ಮಿಸಿದ ನಿಲ್ದಾಣವಿದು. ಇಂದು ಅದಕ್ಕೆ ಜಾಕ್ವೆಲಿನ್ ಕಾಕ್ರನ್ ಎಂಬ ಮಹಿಳೆಯ ಹೆಸರಿದೆ. ಆಕೆಯ ಕಾಲದಲ್ಲಿ ಆಕೆಯಷ್ಟು ವೇಗವಾಗಿ ಹಾರಿದ ಹೆಂಗಸು ಮತ್ತೊಬ್ಬಳಿರಲಿಲ್ಲ. ಮುಗಿಲನ್ನು ಮುಟ್ಟಿದವಳ ಹೆಸರು ಕಡಲಿಗಿಂತ ತಗ್ಗಾದ ನೆಲಕ್ಕೆ ಅಂಟಿಕೊಂಡಿರುವುದು ಒಂದು ಸೋಜಿಗ. ಆದರೆ ಆಕೆಯ ಬಾಳನ್ನು ಬಲ್ಲವರಿಗೆ ಅದು ಅಷ್ಟೇನೂ ಅಸಂಗತವಾಗಿ ತೋರಲಾರದು.

ಕಾಕ್ರನ್ನಳ ಬಾಳು ಮೊದಲಾದದ್ದು ಇದಕ್ಕಿಂತಲೂ ತಗ್ಗಿನಲ್ಲಿ. 1906ರ ಮೇ 11ರಂದು ಫ್ಲಾರಿಡಾದ ಉತ್ತರಭಾಗದಲ್ಲಿ, ಮರ ಕೊಯ್ಯುವ ಕಾರ್ಖಾನೆಗಳನ್ನು ನೆಚ್ಚಿ ಊರಿಂದೂರಿಗೆ ಅಲೆಯುತ್ತಿದ್ದ ಪಿಟ್‌ಮನ್ ಎಂಬುವರ ಬಡಕುಟುಂಬದಲ್ಲಿ ಆಕೆ ಹುಟ್ಟಿದಳು. ತಂದೆ ತಾಯಿ ಇಟ್ಟ ಹೆಸರು ಬೆಸಿ. ಶಾಲೆಯ ಓದು ಹೆಚ್ಚು ದಕ್ಕಲಿಲ್ಲ. ಹಿಟ್ಟಿನ ಚೀಲದ ಬಟ್ಟೆಯಿಂದ ಹೊಲಿದ ಅಂಗಿ ತೊಟ್ಟು, ಕಾಲಿಗೆ ಜೋಡಿಲ್ಲದೆ ಬೆಳೆದುದಾಗಿಯೂ, ಎಂಟರ ಎಳೆಯ ವಯಸ್ಸಿನಲ್ಲಿಯೇ ಹತ್ತಿಗಿರಣಿಯ ರಾತ್ರಿ ಪಾಳಿಗೆ ಸೇರಿದುದಾಗಿಯೂ ಆಕೆ ಮುಂದೆ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಳು. ಇನ್ನೂ ಹುಡುಗಿಯಾಗಿರುವಾಗಲೇ ರಾಬರ್ಟ್ ಕಾಕ್ರನ್ ಎಂಬವನೊಡನೆ ಮದುವೆಯಾಯಿತು. ಒಬ್ಬ ಮಗ ಹುಟ್ಟಿದ. 1925ರಲ್ಲಿ ಆ ಮಗು ಬೆಂಕಿಯ ಅನಾಹುತಕ್ಕೆ ಸಿಕ್ಕಿ ತೀರಿಕೊಂಡಿತು. ಮದುವೆಯೂ ಉಳಿಯಲಿಲ್ಲ. ಆಕೆಗೆ ಉಳಿದದ್ದು ಗಂಡನ ಮನೆತನದ ಹೆಸರು ಮತ್ತು ಕೂದಲು ಸಿಂಗರಿಸುವ ಕಸುಬು, ಇವೆರಡೇ.

ಈ ಕಸುಬನ್ನೇ ನೆಚ್ಚಿ ಆಕೆ ನ್ಯೂಯಾರ್ಕ್ ನಗರಕ್ಕೆ ಬಂದಳು. ಧನಿಕರ ಮಡದಿಯರು ಬರುತ್ತಿದ್ದ ಹೆಸರಾಂತ ಕೇಶಾಲಂಕಾರದ ಅಂಗಡಿಯೊಂದರಲ್ಲಿ ಕೆಲಸ ದೊರೆಯಿತು. ಅಲ್ಲಿ ಬೆಸಿ ಪಿಟ್‌ಮನ್ ಮಾಯವಾಗಿ ಜಾಕ್ವೆಲಿನ್ ಕಾಕ್ರನ್ ಹುಟ್ಟಿಕೊಂಡಳು. ತಾನು ತಬ್ಬಲಿ, ತನ್ನನ್ನು ಸಾಕಿದವರು ಹೆತ್ತವರಲ್ಲ, ಕಾಕ್ರನ್ ಎಂಬ ಹೆಸರನ್ನು ದೂರವಾಣಿಯ ಪುಸ್ತಕದಿಂದ ಆರಿಸಿಕೊಂಡೆ ಎಂದು ಆಕೆ ಕೊನೆಯವರೆಗೂ ಹೇಳುತ್ತ ಬಂದಳು. ಮದುವೆಯ ಸುದ್ದಿಯನ್ನಾಗಲಿ ಮಡಿದ ಮಗುವಿನ ಸುದ್ದಿಯನ್ನಾಗಲಿ ಎತ್ತಲಿಲ್ಲ. ಇದು ಬರಿಯ ಸುಳ್ಳೆನ್ನುವುದಕ್ಕೂ ಮನಸ್ಸು ಒಪ್ಪದು. ಸಾಕಿದವರೆಂದು ಲೋಕಕ್ಕೆ ಹೇಳಿದ ಆ ಹೆತ್ತ ಕುಟುಂಬಕ್ಕೆ, ಸಿರಿ ಬಂದ ಮೇಲೆ ಆಕೆ ಹಣದ ನೆರವು ನೀಡುತ್ತಲೇ ಇದ್ದಳು. ನೆನಪನ್ನು ಮಾತಿನಿಂದ ಅಳಿಸಿದಳೇ ಹೊರತು ಋಣವನ್ನು ಅಳಿಸಲಿಲ್ಲ.

1932ರಲ್ಲಿ ಫ್ಲಾಯ್ಡ್ ಓಡ್ಲಮ್ ಎಂಬ ಕೋಟ್ಯಧೀಶನ ಪರಿಚಯವಾಯಿತು. ಸ್ವಂತವಾಗಿ ಸೌಂದರ್ಯಸಾಧನಗಳ ವ್ಯಾಪಾರ ಹೂಡಬೇಕೆಂಬ ತನ್ನ ಆಸೆಯನ್ನು ಆಕೆ ತಿಳಿಸಿದಾಗ, ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಅಷ್ಟು ದೊಡ್ಡ ದೇಶವನ್ನು ಸುತ್ತಿ ವ್ಯಾಪಾರ ಮಾಡಬೇಕಾದರೆ ವಿಮಾನ ಹಾರಿಸಲು ಕಲಿಯುವುದು ಲೇಸೆಂದು ಓಡ್ಲಮ್ ಸೂಚಿಸಿದನಂತೆ. ಆತ ಅದನ್ನು ಎಷ್ಟು ಗಂಭೀರವಾಗಿ ಹೇಳಿದನೋ ತಿಳಿಯದು. ಆಕೆ ಮಾತ್ರ ಆ ಬೇಸಗೆಯ ರಜೆಯಲ್ಲಿಯೇ ನ್ಯೂಯಾರ್ಕ್ ಬಳಿಯ ರೂಸ್‌ವೆಲ್ಟ್ ಫೀಲ್ಡಿಗೆ ಹೋಗಿ, ಮೂರೇ ವಾರಗಳಲ್ಲಿ ಚಾಲಕಿಯ ಪರವಾನಗಿ ಪಡೆದು ಬಂದಳು. ವ್ಯಾಪಾರಕ್ಕೆ ಸಾಧನವಾಗಬೇಕಾಗಿದ್ದ ವಿಮಾನ ಬಾಳಿನ ಧ್ಯೇಯವೇ ಆಯಿತು. ವ್ಯಾಪಾರವೂ ಕೈಗೂಡಿತು, ಆಕೆಯ ಅಂಗರಾಗಗಳು ರೆಕ್ಕೆಗಳೆಂಬ ಅರ್ಥದ ವಿಂಗ್ಸ್ ಎಂಬ ಹೆಸರಿನಿಂದ ಮಾರಾಟವಾದವು. 1936ರಲ್ಲಿ ಓಡ್ಲಮ್‌ನೊಡನೆ ವಿವಾಹವಾಯಿತು. ಕೋಚೆಲ್ಲಾ ಕಣಿವೆಯ ಇಂಡಿಯೊ ಎಂಬಲ್ಲಿ ಅವರು ಕೊಂಡ ತೋಟವೇ ಕ್ರಮೇಣ ಅವರ ನಿಜವಾದ ಮನೆಯಾಯಿತು. ಸಂಧಿವಾತದಿಂದ ನರಳುತ್ತಿದ್ದ ಓಡ್ಲಮ್‌ನಿಗೆ ಮರುಭೂಮಿಯ ಒಣಬಿಸಿಲು ಹಿತವಾಗಿತ್ತು. ಆಕೆಗೆ ಅಲ್ಲಿನ ಮೋಡವಿಲ್ಲದ ಆಕಾಶವೇ ಬೇಕಾಗಿತ್ತು.

1938ರ ಬೆಂಡಿಕ್ಸ್ ಪಂದ್ಯದಲ್ಲಿ ಆಕೆಯ ಹೆಸರು ದೇಶದ ತುಂಬ ಹರಡಿತು. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನಿಂದ ಒಹಾಯೋದ ಕ್ಲೀವ್‌ಲೆಂಡಿಗೆ ಎರಡು ಸಾವಿರ ಮೈಲಿಗೂ ಹೆಚ್ಚಿನ ಹಾದಿ, ಎದುರಾಳಿಗಳೆಲ್ಲ ಗಂಡಸರು. ದಾರಿಯಲ್ಲಿ ಒಂದು ರೆಕ್ಕೆಯ ತೊಟ್ಟಿಯಿಂದ ಎಂಜಿನ್ನಿಗೆ ಪೆಟ್ರೋಲು ಸರಿಯಾಗಿ ಹರಿಯದಾಯಿತು. ಆ ರೆಕ್ಕೆಯನ್ನು ಆಗಾಗ ಮೇಲಕ್ಕೆತ್ತಿ, ವಿಮಾನವನ್ನು ಓರೆಯಾಗಿ ಹಾರಿಸುತ್ತ, 8 ಗಂಟೆ 10 ನಿಮಿಷಗಳಲ್ಲಿ ಆಕೆ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದಳು. ಕಾದಿದ್ದ ಜನಸ್ತೋಮ ವಿಮಾನವನ್ನು ಮುತ್ತಿದಾಗ, ಕೆಳಗಿಳಿಯುವ ಮುನ್ನ ಮುಖಕ್ಕೆ ಪೌಡರು ಹಚ್ಚಿ ತುಟಿಗೆ ಬಣ್ಣ ತೀಡಿಕೊಂಡಳಂತೆ. ಗಂಡಸರ ಕೆಲಸದಲ್ಲಿ ಗಂಡಸರನ್ನು ಮೀರಿಸುವುದಕ್ಕೆ ಹೆಣ್ತನವನ್ನು ಬಿಟ್ಟುಕೊಡಬೇಕಾಗಿಲ್ಲ ಎಂಬುದು ಆಕೆಯ ಹಠವಾಗಿತ್ತು.

ಯುದ್ಧದ ಮೋಡಗಳು ಕವಿಯುತ್ತಿದ್ದ ಕಾಲವದು. 1939ರಲ್ಲಿಯೇ ಆಕೆ ಅಧ್ಯಕ್ಷನ ಪತ್ನಿ ಎಲಿನರ್ ರೂಸ್‌ವೆಲ್ಟಳಿಗೆ ಪತ್ರ ಬರೆದು, ಯುದ್ಧ ಬಂದರೆ ಗಂಡು ಚಾಲಕರು ರಣರಂಗಕ್ಕೆ ಹೋಗಬೇಕಾಗುವುದೆಂದೂ, ಒಳನಾಡಿನ ಹಾರಾಟದ ಹೊರೆಯನ್ನು ಹೊರಲು ಮಹಿಳೆಯರನ್ನು ಈಗಲೇ ಅಣಿಗೊಳಿಸಬೇಕೆಂದೂ ಸೂಚಿಸಿದ್ದಳು. ಆ ಸೂಚನೆ ಆಗ ಫಲಿಸಲಿಲ್ಲ. 1941ರ ಜೂನ್‌ನಲ್ಲಿ ಹಡ್ಸನ್ ಎಂಬ ಬಾಂಬರ್ ವಿಮಾನವೊಂದನ್ನು ಅಟ್ಲಾಂಟಿಕ್ ಸಾಗರದಾಚೆ ಬ್ರಿಟನ್ನಿಗೆ ತಲುಪಿಸುವ ಅವಕಾಶ ಒದಗಿತು. ಹೆಂಗಸಿಗೆ ಈ ಕೆಲಸ ಕೊಟ್ಟರೆ ತಾವು ಕೆಲಸ ನಿಲ್ಲಿಸುವೆವೆಂದು ಗಂಡು ಚಾಲಕರು ಗದ್ದಲವೆಬ್ಬಿಸಿದರು. ನೆಲದಿಂದ ಏರಿಸುವುದೂ ನೆಲಕ್ಕಿಳಿಸುವುದೂ ಜೊತೆಯ ಗಂಡು ಚಾಲಕನ ಪಾಲು, ನಡುವಿನ ಕಡಲು ಆಕೆಯ ಪಾಲು ಎಂದು ರಾಜಿಯಾಯಿತು. ಹೀಗೆ ಬಾಂಬರ್ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ ಪ್ರಥಮ ಮಹಿಳಾ ಚಾಲಕಿ ಎಂಬ ಕೀರ್ತಿ ಆಕೆಗೆ ಸಂದಿತು. ಮರುವರ್ಷ 25 ಮಂದಿ ಅಮೆರಿಕನ್ ಚಾಲಕಿಯರನ್ನು ಆರಿಸಿ ಬ್ರಿಟನ್ನಿನ ವಿಮಾನ ಸಾಗಣೆಯ ಸೇವೆಗೆ ಸೇರಿಸಿದಳು.

ಅಷ್ಟರಲ್ಲಿ, 1941ರ ಡಿಸೆಂಬರ್ 7ರ ಪರ್ಲ್ ಹಾರ್ಬರ್ ದಾಳಿಯಿಂದ ಅಮೆರಿಕವೇ ಯುದ್ಧಕ್ಕಿಳಿದಿತ್ತು. ವಿಮಾನಗಳನ್ನು ಕಾರ್ಖಾನೆಗಳು ತಯಾರಿಸಬಲ್ಲವು. ಚಾಲಕರನ್ನು ತಯಾರಿಸುವುದು ಹೇಗೆ? ಸೈನ್ಯದ ಕಣ್ಣು ನೈಋತ್ಯದ ಮರುಭೂಮಿ ಮತ್ತು ಒಣಬಯಲುಗಳ ಮೇಲೆ ಬಿತ್ತು. ಹೊಸಬರಿಗೆ ಬೇಕಾದದ್ದು ತಿಳಿಯಾದ ಆಕಾಶ, ಸಮನೆಲ, ಮತ್ತು ವಿರಳವಾದ ಜನವಸತಿ. ಮಂಜು ಮಳೆಗಳಿಂದ ಪಾಠ ನಿಲ್ಲಬಾರದು. ಎಂಜಿನ್ ಕೆಟ್ಟರೆ ಎಲ್ಲಿಯಾದರೂ ಇಳಿಯುವಂತಿರಬೇಕು. ಗುಂಡು ಹಾರಿಸಿದರೆ ಯಾರ ಮನೆಯ ಮೇಲೂ ಬೀಳಬಾರದು. ಅರಿಜೋನಾದ ಲ್ಯೂಕ್ ಮತ್ತು ವಿಲಿಯಮ್ಸ್ ಫೀಲ್ಡುಗಳು, ನೆವಾಡದ ಲಾಸ್ ವೇಗಸ್ ಬಳಿಯ ಬಂದೂಕು ಶಾಲೆ, ಕ್ಯಾಲಿಫೋರ್ನಿಯಾದ ಮ್ಯೂರಾಕ್‌ನಲ್ಲಿ ಬತ್ತಿದ ಸರೋವರದ ಪಾತಳಿ, ನ್ಯೂ ಮೆಕ್ಸಿಕೋ ಮತ್ತು ಪಶ್ಚಿಮ ಟೆಕ್ಸಾಸುಗಳ ಬಯಲು, ಇವೆಲ್ಲ ವಿಮಾನಶಾಲೆಗಳಾದವು. ಕಷ್ಟಗಳೇನೂ ಕಡಿಮೆಯಿರಲಿಲ್ಲ. ಕಾದ ಗಾಳಿ ತೆಳುವಾದುದರಿಂದ ವಿಮಾನ ಮೇಲೇಳಲು ಹೆಚ್ಚು ಉದ್ದದ ಓಟಪಥ ಬೇಕು. ದೂಳು ಎಂಜಿನ್ನಿನ ಒಡಲನ್ನು ಹೊಗುತ್ತದೆ. ಬಿಸಿಲಿನಲ್ಲಿ ನಿಂತ ವಿಮಾನದ ಲೋಹ ಮುಟ್ಟಿದ ಕೈಯನ್ನು ಸುಡುತ್ತದೆ.

ಈ ಬೃಹತ್ ಯೋಜನೆಯಲ್ಲಿ ಮಹಿಳೆಯರಿಗೂ ಒಂದು ಶಾಲೆಯನ್ನು ಗಿಟ್ಟಿಸಿಕೊಂಡದ್ದೇ ಕಾಕ್ರನ್ನಳ ಜೀವಿತದ ಮಹತ್ಕಾರ್ಯ. ವಾಯುಪಡೆಯ ಮಹಾದಂಡನಾಯಕ ಹೆನ್ರಿ ಆರ್ನಲ್ಡ್‌ನನ್ನು ಆಕೆ ಒಪ್ಪಿಸಿದಳು. 1942ರ ನವೆಂಬರಿನಲ್ಲಿ ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ಮೊದಲ ತರಗತಿ ಆರಂಭವಾಯಿತು. ಮಂಜು ಮುಸುಕುವ ಆ ಊರು ಕಲಿಕೆಗೆ ಒಗ್ಗಲಿಲ್ಲವಾಗಿ, 1943ರ ಆರಂಭದಲ್ಲಿ ಶಾಲೆಯನ್ನು ಪಶ್ಚಿಮಕ್ಕೆ, ಸ್ವೀಟ್‌ವಾಟರ್ ಎಂಬ ಊರಿನ ಅವೆಂಜರ್ ಫೀಲ್ಡಿಗೆ ಸಾಗಿಸಿದರು. ಊರ ಹೆಸರಿನ ಅರ್ಥ ಸಿಹಿನೀರು. ಸುತ್ತಲಿನ ನೆಲವಾದರೋ ಮರುಭೂಮಿಯ ಅಂಚಿಗೆ ಹತ್ತಿದ ಒಣಬಯಲು: ದೂಳು, ಬಿರುಗಾಳಿ, ಬುಡುಬುಡಿಕೆಯಂತೆ ಬಾಲವನ್ನಾಡಿಸುವ ವಿಷಸರ್ಪಗಳು. ಹುಡುಗಿಯರು ಬಂದ ಹೊಸದರಲ್ಲಿ ನೆರೆಯ ನೆಲೆಗಳ ನೂರಾರು ತರುಣ ಚಾಲಕರಿಗೆ ಏಕಾಏಕಿ ಎಂಜಿನ್ ಕೆಟ್ಟು, ಅವೆಂಜರ್ ಫೀಲ್ಡಿನಲ್ಲಿಯೇ ಇಳಿಯಬೇಕಾಯಿತಂತೆ. ನಿಜವಾದ ಅಪಾಯವಿಲ್ಲದೆ ಯಾರೂ ಇಲ್ಲಿ ಇಳಿಯಕೂಡದೆಂದು ಕಟ್ಟಪ್ಪಣೆಯಾಯಿತು. ಕಾಕ್ರನ್ನಳ ಸಂನ್ಯಾಸಿನಿಯರ ಮಠವೆಂದು ಜನ ನಗೆಯಾಡಿದರು.

ಮಠದ ನಿಯಮಗಳೇನೋ ಕಠಿಣವಾಗಿಯೇ ಇದ್ದವು. ಒಂದು ಕೋಣೆಗೆ ಆರು ಮಂದಿ. ಎರಡು ಕೋಣೆಗಳ ಹನ್ನೆರಡು ಮಂದಿಗೆ ಒಂದೇ ಸ್ನಾನದ ಮನೆ. ಹೆಂಗಸರ ಅಳತೆಯ ಹಾರಾಟದ ಉಡುಪು ಸೈನ್ಯದಲ್ಲಿರಲಿಲ್ಲ. ಗಂಡಸರ ದೊಗಲೆ ಉಡುಪುಗಳ ತೋಳು ಕಾಲುಗಳನ್ನು ಮಡಚಿ, ನಡುವಿಗೆ ಬಿಗಿದುಕೊಂಡು ವಿಮಾನ ಹತ್ತುತ್ತಿದ್ದರು. ಬೇಸಗೆಯ ರಾತ್ರಿಗಳಲ್ಲಿ ಸೆಕೆ ತಾಳಲಾರದೆ ಮಂಚಗಳನ್ನು ಹೊರಗೆಳೆದು, ಹಾವಿನ ಭಯವನ್ನು ನುಂಗಿಕೊಂಡು, ನಕ್ಷತ್ರಗಳ ಕೆಳಗೆ ಮಲಗುತ್ತಿದ್ದರು. ಮೊದಲ ಬಾರಿಗೆ ಒಂಟಿಯಾಗಿ ಹಾರಿ ಬಂದವಳನ್ನು ಗೆಳತಿಯರು ಅಂಗಳದ ಕೊಳಕ್ಕೆ ಎತ್ತಿಹಾಕುವುದು ಅಲ್ಲಿಯ ಸಂಪ್ರದಾಯ. ಆದರೆ ಪಾಠದಲ್ಲಿ ರಿಯಾಯಿತಿಯಿರಲಿಲ್ಲ. ಗಂಡು ಅಭ್ಯರ್ಥಿಗಳು ಕಲಿಯುತ್ತಿದ್ದುದನ್ನೇ, ರಣರಂಗದ ಗುಂಡುಗಾರಿಕೆಯೊಂದನ್ನು ಬಿಟ್ಟು, ಇವರೂ ಕಲಿಯಬೇಕಾಗಿತ್ತು. ಮೊದಲಿನ ಚಿಕ್ಕ ವಿಮಾನದಿಂದ ಹಿಡಿದು ಪ್ರೌಢಶಿಕ್ಷಣದ ಬಲವಾದ ವಿಮಾನದವರೆಗೆ ಸುಮಾರು 200 ಗಂಟೆಗಳ ಹಾರಾಟ. ಜೊತೆಗೆ ಹವಾಮಾನ, ದಿಕ್ಕು ಹಿಡಿಯುವಿಕೆ, ಎಂಜಿನ್ನು ಮುಂತಾದ ವಿಷಯಗಳ ತರಗತಿಗಳು. 25,000ಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು; 1,830 ಮಂದಿಗೆ ಪ್ರವೇಶ ದೊರೆಯಿತು; ತೇರ್ಗಡೆಯಾದವರು 1,074 ಮಂದಿ.

ಹೀಗೆ ಕಲಿತು ಹೊರಬಂದವರ ಪಡೆಗೆ, 1943ರ ಆಗಸ್ಟಿನಲ್ಲಿ, ನ್ಯಾನ್ಸಿ ಲವ್ ಎಂಬ ಮತ್ತೊಬ್ಬ ಸಮರ್ಥ ಚಾಲಕಿ ಕಟ್ಟಿದ್ದ ಸಾಗಣೆಯ ತಂಡವೂ ಸೇರಿ, ವಾಸ್ಪ್ ಎಂಬ ಸಂಕ್ಷಿಪ್ತ ನಾಮ ಬಂದಿತು. ಕಣಜದ ಹುಳುವಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಕಾಕ್ರನ್ನಳೇ ಅದರ ನಿರ್ದೇಶಕಿಯಾದಳು. ಕಾರ್ಖಾನೆಗಳಿಂದ ನೆಲೆಗಳಿಗೆ ಇವರು ಸಾಗಿಸಿದ ವಿಮಾನಗಳು 12,000ಕ್ಕೂ ಹೆಚ್ಚು. ದುರಸ್ತಿಯಾದ ವಿಮಾನಗಳನ್ನು ಮೊದಲು ಹಾರಿಸಿ ಪರೀಕ್ಷಿಸುವುದು ಇವರ ಕೆಲಸವಾಗಿತ್ತು. ಲಾಸ್ ವೇಗಸ್ಸಿನಂಥ ನೆಲೆಗಳಲ್ಲಿ ಬಂದೂಕು ಕಲಿಯುವ ಹುಡುಗರಿಗಾಗಿ ವಿಮಾನದ ಹಿಂದೆ ಬಟ್ಟೆಯ ಗುರಿಯೊಂದನ್ನು ಕಟ್ಟಿ ಎಳೆದುಕೊಂಡು ಹೋಗುವುದೂ ಇವರ ಪಾಲಿಗೇ ಬಂತು. ಹಾರುತ್ತಿದ್ದ ಗುಂಡುಗಳು ನಿಜವಾದವು, ಹಾರಿಸುತ್ತಿದ್ದವರು ಹೊಸಬರು! ಬಿ-29 ಎಂಬ ದೈತ್ಯ ಬಾಂಬರನ್ನು ಮುಟ್ಟಲು ಗಂಡು ಚಾಲಕರು ಹಿಂಜರಿದಾಗ, ಮುಂದೆ ಹಿರೋಶಿಮಾದ ಮೇಲೆ ಬಾಂಬು ಹಾಕಿದ ಪಾಲ್ ಟಿಬೆಟ್ಸನು ವಾಸ್ಪ್ ಪಡೆಯ ಇಬ್ಬರು ತರುಣಿಯರಿಗೆ ಅದನ್ನು ಕಲಿಸಿದನು. ಅವರು ನ್ಯೂ ಮೆಕ್ಸಿಕೋದಲ್ಲಿ ಅದನ್ನು ಸಲೀಸಾಗಿ ಹಾರಿಸಿ ತೋರಿಸಿದ ಮೇಲೆ ಗಂಡಸರು ಗೊಣಗುವುದನ್ನು ನಿಲ್ಲಿಸಿದರು.

ಇಷ್ಟು ದುಡಿದವರಿಗೆ ಸಂದ ಮರ್ಯಾದೆ ಎಂಥದು? ಕಾನೂನಿನ ಕಣ್ಣಿನಲ್ಲಿ ಅವರು ಸೈನಿಕರಲ್ಲ, ಕೂಲಿಗೆ ನಿಂತ ನಾಗರಿಕರು. ಸೈನಿಕರಿಗಿದ್ದ ವಿಮೆಯಿಲ್ಲ, ನಿವೃತ್ತಿವೇತನವಿಲ್ಲ. ಊಟ ವಸತಿಗಳ ಖರ್ಚೂ ಸಂಬಳದಿಂದಲೇ. 38 ಮಂದಿ ಮಡಿದರು: ಶಿಕ್ಷಣದಲ್ಲಿ 11, ಸೇವೆಯಲ್ಲಿ 27. ಸತ್ತ ಸೈನಿಕನ ಪೆಟ್ಟಿಗೆಯ ಮೇಲೆ ಹೊದಿಸುವ ರಾಷ್ಟ್ರಧ್ವಜಕ್ಕೆ ಇವರು ಅರ್ಹರಾಗಿರಲಿಲ್ಲ. ಶವವನ್ನು ಹೆತ್ತವರ ಊರಿಗೆ ಕಳುಹಿಸಲು ಜೊತೆಯ ಹುಡುಗಿಯರು ತಮ್ಮತಮ್ಮೊಳಗೆ ಹಣ ಕೂಡಿಸಿದ ಸಂದರ್ಭಗಳುಂಟು. ಆ ಒಣಬಯಲಿನ ಬಿಸಿಲಿನಲ್ಲಿ ಕೈಯಿಂದ ಕೈಗೆ ಸಾಗಿದ ಆ ಚಿಲ್ಲರೆ ಕಾಸುಗಳನ್ನು ನೆನೆದಾಗ ಯಾವ ವಿಜಯೋತ್ಸವದ ವರ್ಣನೆಯೂ ರುಚಿಸದು.

ಈ ಅನ್ಯಾಯವನ್ನು ಸರಿಪಡಿಸಲು ಕಾಕ್ರನ್ ಮತ್ತು ಆರ್ನಲ್ಡ್ 1944ರಲ್ಲಿ ಮಸೂದೆಯೊಂದನ್ನು ಮುಂದಿಡಿಸಿದರು. ಗಾಳಿ ಬೇರೆ ಕಡೆಗೆ ತಿರುಗಿತ್ತು. ಯುದ್ಧದ ಗೆಲುವು ಹತ್ತಿರವಾದಂತೆ, ವಿಮಾನಶಿಕ್ಷಣದ ಶಾಲೆಗಳು ಮುಚ್ಚತೊಡಗಿ, ಕೆಲಸ ಕಳೆದುಕೊಂಡ ಗಂಡು ಶಿಕ್ಷಕರು ಕಾಲಾಳುಗಳಾಗಬೇಕಾದ ಭಯದಿಂದ ದೊಡ್ಡ ಕೂಗೆಬ್ಬಿಸಿದ್ದರು. ಜೂನ್ 21ರಂದು ಕೆಳಮನೆಯಲ್ಲಿ 188 ಮತಗಳು ವಿರುದ್ಧವಾಗಿಯೂ 169 ಪರವಾಗಿಯೂ ಬಿದ್ದು ಮಸೂದೆ ಸೋತಿತು. ಇಲ್ಲಿ ಕಾಕ್ರನ್ನಳ ಸ್ವಭಾವವೂ ತನ್ನ ಪಾತ್ರವಹಿಸಿತೆನ್ನಬೇಕು. ಆಗಸ್ಟಿನ ವರದಿಯಲ್ಲಿ ಆಕೆ ಸೈನಿಕ ಪದವಿಯನ್ನು ಕೊಡುವುದಾದರೆ ಕೊಡಿ, ಇಲ್ಲವಾದರೆ ಪಡೆಯನ್ನೇ ವಿಸರ್ಜಿಸುವುದನ್ನು ಯೋಚಿಸಿ ಎಂಬ ಧಾಟಿಯಲ್ಲಿ ಬರೆದಳು. ಅಧಿಕಾರಿಗಳು ಎರಡನೆಯದನ್ನೇ ಆರಿಸಿಕೊಂಡರು. 1944ರ ಡಿಸೆಂಬರ್ 7ರಂದು, ಪರ್ಲ್ ಹಾರ್ಬರ್ ದಾಳಿಗೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಆರ್ನಲ್ಡ್‌ನ ಸಮ್ಮುಖದಲ್ಲಿ ಕೊನೆಯ ತರಗತಿಯ ಹುಡುಗಿಯರು ರೆಕ್ಕೆಯ ಬಿಲ್ಲೆಗಳನ್ನು ಧರಿಸಿದರು. 20ರಂದು ಪಡೆ ವಿಸರ್ಜನೆಯಾಯಿತು. ಹದಿಮೂರು ದಿನಗಳ ಬಾಳಿಕೆಗಾಗಿ ಪಡೆದ ರೆಕ್ಕೆಗಳವು.

ಮತ್ತೊಂದು ನೆರಳನ್ನೂ ಮರೆಮಾಚಲಾಗದು. ಚೀನೀ ಮೂಲದ ಹುಡುಗಿಯರಿಗೆ ತೆರೆದಿದ್ದ ಅವೆಂಜರ್ ಫೀಲ್ಡಿನ ಬಾಗಿಲು ನೀಗ್ರೋ ಮಹಿಳೆಯರಿಗೆ ತೆರೆಯಲಿಲ್ಲ. ಹೆಂಗಸರೆಂಬ ಕಾರಣಕ್ಕೇ ಯೋಜನೆ ತೂಗುಯ್ಯಾಲೆಯಲ್ಲಿರುವಾಗ ಇನ್ನೊಂದು ವಿವಾದವನ್ನು ತಾನು ಹೊರಲಾರೆನೆಂಬುದು ಕಾಕ್ರನ್ನಳ ವಾದ. ಬಡತನದ ತಳದಿಂದ ಎದ್ದು ಬಂದವಳಿಗೆ ಹೊರಗೆ ನಿಂತವರ ನೋವು ತಿಳಿಯದೆ ಇದ್ದಿರಲಾರದು; ತಿಳಿದೂ ಬಾಗಿಲು ತೆರೆಯಲಿಲ್ಲವೆಂಬುದೇ ಖೇದದ ಸಂಗತಿ.

ಯುದ್ಧಾನಂತರದ ಆಕೆಯ ಬಾಳಿಗೂ ಮರುಭೂಮಿಯೇ ರಂಗಸ್ಥಳ. ಯುದ್ಧಕಾಲದಲ್ಲಿ ಬಾಂಬರ್ ತಂಡಗಳು ಪಳಗುತ್ತಿದ್ದ ಮ್ಯೂರಾಕ್ ನೆಲೆ ಎಡ್ವರ್ಡ್ಸ್ ಎಂಬ ಹೊಸ ಹೆಸರಿನಿಂದ ಪರೀಕ್ಷಾ ಹಾರಾಟಗಳ ಕೇಂದ್ರವಾಗಿತ್ತು. 1953ರ ಮೇ 18ರಂದು, ತನ್ನ 47ನೆಯ ವಯಸ್ಸಿನಲ್ಲಿ, ಕೆನಡದಲ್ಲಿ ತಯಾರಾದ ಸೇಬರ್ ಜೆಟ್ ವಿಮಾನವನ್ನೇರಿ, ಗೆಳೆಯ ಚಕ್ ಯೇಗರ್ ಪಕ್ಕದಲ್ಲಿ ಹಾರುತ್ತಿರಲು, ಶಬ್ದದ ವೇಗವನ್ನು ಮೀರಿದ ಪ್ರಥಮ ಮಹಿಳೆಯೆನಿಸಿದಳು. ಹನ್ನೊಂದು ವರ್ಷಗಳ ಮೇಲೆ ಶಬ್ದದ ಇಮ್ಮಡಿ ವೇಗವನ್ನೂ ದಾಟಿದಳು. ಆಕೆ ಕಣ್ಮುಚ್ಚಿದಾಗ ವೇಗ, ದೂರ, ಎತ್ತರಗಳ ದಾಖಲೆಗಳಲ್ಲಿ ಆಕೆಯದಕ್ಕಿಂತ ದೊಡ್ಡ ಪಟ್ಟಿ ಬೇರಾವ ಚಾಲಕನಿಗೂ ಇರಲಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಭಾರತೀಯರಾದ ನಮಗೆ ಕುತೂಹಲ ತರುವ ಅಧ್ಯಾಯವೊಂದುಂಟು. 1956ರಲ್ಲಿ ಆಕೆ ತನ್ನ ಮರುಭೂಮಿಯ ಕ್ಷೇತ್ರದಿಂದ ರಿಪಬ್ಲಿಕನ್ ಪಕ್ಷದ ಪರವಾಗಿ ಪ್ರತಿನಿಧಿಸಭೆಗೆ ಸ್ಪರ್ಧಿಸಿದಳು. ಎದುರು ನಿಂತವರು ಅಮೃತಸರ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ದಲೀಪ್ ಸಿಂಗ್ ಸೌಂದ್. ಗಣಿತದಲ್ಲಿ ಡಾಕ್ಟರೇಟ್ ಪಡೆದೂ ತಕ್ಕ ಉದ್ಯೋಗ ದೊರೆಯದೆ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡಿದವರು. ಭಾರತೀಯರಿಗೆ ಪೌರತ್ವವನ್ನು ನಿಷೇಧಿಸಿದ್ದ ಕಾನೂನು 1946ರಲ್ಲಿ ಬದಲಾದ ಬಳಿಕ, 1949ರಲ್ಲಿ ಅಮೆರಿಕದ ಪ್ರಜೆಯಾದವರು. ಒಂದೆಡೆ ಹಣ, ಕೀರ್ತಿ, ಅಧ್ಯಕ್ಷ ಐಸೆನ್‌ಹೋವರ್‌ನ ಸ್ನೇಹ. ಸ್ವಂತ ವಿಮಾನದಲ್ಲಿ ಊರೂರಿಗೆ ಹಾರಿ ಮತಯಾಚನೆ. ಇನ್ನೊಂದೆಡೆ ರೈತರ ಮನೆಮನೆಗೆ ನಡೆದು ಹೋದ ಒಬ್ಬ ಪರದೇಶಿ. ಕೆಲವೇ ಸಾವಿರ ಮತಗಳ ಅಂತರದಿಂದ ಸೌಂದ್ ಗೆದ್ದು, ಆ ಸಭೆಗೆ ಆರಿಸಿಬಂದ ಪ್ರಥಮ ಏಷ್ಯನ್ನರಾದರು. ಇಬ್ಬರೂ ಬರಿಗೈಯಲ್ಲಿ ಮೊದಲು ಮಾಡಿದವರೇ. ತನ್ನ ಹುಟ್ಟನ್ನು ಮರೆಸಿದವಳು ಸೋತಳು. ಮರೆಸಲು ಸಾಧ್ಯವೇ ಇಲ್ಲದ ಹುಟ್ಟನ್ನು ಹೊತ್ತು ನಡೆದವರು ಗೆದ್ದರು. ಇದರಿಂದ ನೀತಿಯನ್ನು ಹಿಂಡುವುದು ಬೇಡ. ಆದರೂ ಚಿತ್ರ ಮನಸ್ಸಿನಲ್ಲಿ ನಿಲ್ಲುತ್ತದೆ.

1962ರಲ್ಲಿ ಬಾಹ್ಯಾಕಾಶ ಯಾತ್ರೆಗೆ ಮಹಿಳೆಯರನ್ನು ಸೇರಿಸಬೇಕೆಂಬ ವಿಚಾರಣೆ ಸಂಸತ್ತಿನ ಸಮಿತಿಯ ಮುಂದೆ ಬಂದಾಗ, ಆತುರ ಬೇಡವೆಂದು ಕಾಕ್ರನ್ ಸಾಕ್ಷ್ಯ ನುಡಿದಳು. ಅದೇ ಮಹಿಳೆಯರ ವೈದ್ಯಪರೀಕ್ಷೆಗೆ ಹಣವೊದಗಿಸಿದ್ದವಳೂ ಆಕೆಯೇ. ಮುಂದಿನ ವರ್ಷ ರಷ್ಯದ ವ್ಯಾಲೆಂಟೀನಾ ತೆರೆಶ್ಕೋವಾ ಅಂತರಿಕ್ಷಕ್ಕೇರಿದಳು. ಬಾಗಿಲುಗಳನ್ನು ಒದ್ದು ತೆರೆದವರು ಮುದಿತನದಲ್ಲಿ ಬಾಗಿಲು ಕಾಯುವವರಾಗುವುದು ಲೋಕದಲ್ಲಿ ಅಪರೂಪವಲ್ಲ.

ವಾಸ್ಪ್ ಪಡೆಯ ಕಾಗದಪತ್ರಗಳು ಸೈನ್ಯದ ಉಗ್ರಾಣಗಳಲ್ಲಿ ಮುದ್ರೆಯೊತ್ತಿಸಿಕೊಂಡು ಮಲಗಿದ್ದವು. 1970ರ ದಶಕದಲ್ಲಿ ವಾಯುಪಡೆ ಮಹಿಳೆಯರಿಗೆ ಇದೇ ಮೊದಲ ಸಲ ಹಾರಾಟ ಕಲಿಸುವುದಾಗಿ ಸಾರಿದಾಗ, ನಡುವಯಸ್ಸು ದಾಟಿದ ಅವೆಂಜರ್ ಫೀಲ್ಡಿನ ಹುಡುಗಿಯರು ಸಿಡಿದೆದ್ದರು. ತಾವೇ ಬದುಕಿರುವಾಗ ತಮ್ಮ ಬಾಳು ನಡೆದೇ ಇಲ್ಲವೆಂದು ಹೇಳಿಸಿಕೊಳ್ಳುವುದಕ್ಕಿಂತ ಕಠೋರವಾದ ಅವಮಾನ ಯಾವುದು? ಯುದ್ಧಕಾಲದಲ್ಲಿ ಅವರೊಡನೆ ವಿಮಾನಗಳನ್ನು ಸಾಗಿಸಿದ್ದ ಅರಿಜೋನಾದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಬೆಂಬಲಕ್ಕೆ ನಿಂತನು. ಆರ್ನಲ್ಡ್‌ನ ಮಗನೂ ದನಿಗೂಡಿಸಿದನು. 1977ರಲ್ಲಿ ಅವರಿಗೆ ಮಾಜಿ ಸೈನಿಕರ ಸ್ಥಾನವನ್ನು ಕೊಡುವ ಕಾನೂನು ಬಂತು. ಸಂಸತ್ತಿನ ಚಿನ್ನದ ಪದಕ ಬಂದದ್ದು 2010ರಲ್ಲಿ. ಅಷ್ಟರಲ್ಲಿ ಬಹುಮಂದಿ ಮಣ್ಣಾಗಿದ್ದರು.

ಕಾಕ್ರನ್ ಕಾನೂನನ್ನು ಕಂಡಳು, ಪದಕವನ್ನು ಕಾಣಲಿಲ್ಲ. ಹೃದಯದ ಬೇನೆ ಆಕೆಯನ್ನು ನೆಲಕ್ಕೆ ಕಟ್ಟಿಹಾಕಿತ್ತು. 1976ರಲ್ಲಿ ಓಡ್ಲಮ್ ತೀರಿಕೊಂಡನು. 1980ರ ಆಗಸ್ಟ್ 9ರಂದು ಇಂಡಿಯೊದಲ್ಲಿ ಆಕೆಯ ಬಾಳು ಮುಗಿಯಿತು. ಅದೇ ಕಣಿವೆಯ ಮಣ್ಣಿನಲ್ಲಿ ಸಮಾಧಿಯಾಯಿತು.

ತನ್ನ ಹಿಂದಣ ಬಾಳನ್ನು ತಾನೇ ಅಳಿಸಿಕೊಳ್ಳುವುದು ಒಬ್ಬ ವ್ಯಕ್ತಿಯ ಸ್ವಾತಂತ್ರ್ಯವಿರಬಹುದು. ಪರರ ಹಿಂದಣ ಬಾಳನ್ನು ಅಳಿಸುವ ಅಧಿಕಾರ ಯಾರಿಗೂ ಇಲ್ಲ, ರಾಜ್ಯಕ್ಕೂ ಇಲ್ಲ. ಬೆಸಿ ಪಿಟ್‌ಮನ್ನಳನ್ನು ಮರೆಸಲು ಹೆಣಗಿದ ಆಕೆ, ಸಾವಿರ ಮಂದಿ ಹುಡುಗಿಯರ ಹೆಸರು ಮಾತ್ರ ದಾಖಲೆಯಲ್ಲಿ ಉಳಿಯಬೇಕೆಂದು ಅಷ್ಟೇ ಹೆಣಗಿದಳು. ಯುದ್ಧಕಾಲದ ಮರುಭೂಮಿಯ ನಿಲ್ದಾಣಗಳಲ್ಲಿ ಎಷ್ಟೋ ಇಂದು ಮರಳಿನಡಿ ಬಿರುಕುಬಿಟ್ಟ ಕಾಂಕ್ರೀಟಿನ ಪಟ್ಟಿಗಳಾಗಿ ಮಾತ್ರ ಉಳಿದಿವೆ. ಅವೆಂಜರ್ ಫೀಲ್ಡಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಈಗ ಒಂದು ವಸ್ತುಸಂಗ್ರಹಾಲಯವಿದೆ. ಒಂಟಿಹಾರಾಟ ಮುಗಿಸಿದವರನ್ನು ಎತ್ತಿಹಾಕುತ್ತಿದ್ದ ಕೊಳವೂ ಇದೆ.